ಕೊಳವೆ ಬಾವಿ ಪಂಪ್‌ಸೆಟ್‌ಗೆ ಟೈಮರ್: ಆಯ್ಕೆ, ಜೋಡಣೆ ಮತ್ತು ಸಮಯ ನಿಗದಿ

ರಾಜ್ಯದ ಅನೇಕ ಕೊಳವೆ ಬಾವಿಗಳ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ‘ಆಟೋ’ ಎಂದು ಕರೆಯಲಾಗುವ ಒಂದು ಸಣ್ಣ ಸಾಧನವಿರುತ್ತದೆ. ಮೂರು ಫೇಸ್ ವಿದ್ಯುತ್ ಬಂದೊಡನೆ ಮೋಟಾರನ್ನು ಚಾಲನೆಗೊಳಿಸುವುದಷ್ಟೇ ಅದರ ಕೆಲಸ. ಯಾವಾಗ ನಿಲ್ಲಿಸಬೇಕೆಂಬುದು ಅದಕ್ಕೆ ತಿಳಿಯದು. ವಿದ್ಯುತ್ ಇರುವಷ್ಟು ಹೊತ್ತೂ ಮೋಟಾರು ಓಡುತ್ತದೆ. ತೋಟಕ್ಕೆ ನೀರು ಸಾಕಾಗಿದೆಯೋ, ಬಾವಿಯಲ್ಲಿ ನೀರು ಉಳಿದಿದೆಯೋ ಎಂಬ ವಿಚಾರ ಅಲ್ಲಿ ಬರುವುದೇ ಇಲ್ಲ.

ಇದಕ್ಕಾಗಿ ರೈತರನ್ನು ದೂರುವುದು ಸರಿಯಲ್ಲ. ಪಂಪ್‌ಸೆಟ್ ಮಾರ್ಗಗಳಿಗೆ ಮೂರು ಫೇಸ್ ವಿದ್ಯುತ್ ದಿನಕ್ಕೆ ಏಳು ಗಂಟೆಯಷ್ಟು, ಅದೂ ಪಾಳಿಯ ಮೇಲೆ, ಹಲವೆಡೆ ರಾತ್ರಿಯ ಹೊತ್ತಿನಲ್ಲಿ ದೊರೆಯುತ್ತದೆ. ಕತ್ತಲಲ್ಲಿ ಹಾವು, ಹಂದಿ, ಕರಡಿಗಳ ಭಯದ ನಡುವೆ ತೋಟಕ್ಕೆ ನಡೆದು ಗುಂಡಿ ಒತ್ತುವುದಕ್ಕಿಂತ ‘ಆಟೋ’ ಹಾಕಿ ಮನೆಯಲ್ಲಿ ಮಲಗುವುದು ವಿವೇಕವೇ ಸರಿ. ಆದರೆ ಅದರ ಬೆಲೆಯನ್ನು ಬೇರೆ ರೂಪದಲ್ಲಿ ತೆರಬೇಕಾಗುತ್ತದೆ. ನೀರಿಲ್ಲದೆ ಓಡಿದ ಮೋಟಾರಿನ ವೈಂಡಿಂಗ್ ಸುಡುತ್ತದೆ, ಅತಿಯಾದ ನೀರಿನಿಂದ ಗೊಬ್ಬರ ಬೇರಿನ ಕೆಳಗೆ ಇಳಿದುಹೋಗುತ್ತದೆ, ಬಾವಿ ವರ್ಷದಿಂದ ವರ್ಷಕ್ಕೆ ಬಡವಾಗುತ್ತದೆ. 10 ಅಶ್ವಶಕ್ತಿವರೆಗಿನ ನೀರಾವರಿ ಪಂಪ್‌ಸೆಟ್‌ಗಳ ವಿದ್ಯುತ್ ವೆಚ್ಚವನ್ನು ಸರ್ಕಾರವೇ ಭರಿಸುವುದರಿಂದ, ಹೆಚ್ಚು ಹೊತ್ತು ಓಡಿದೆ ಎಂದು ಎಚ್ಚರಿಸುವ ಬಿಲ್ಲು ಸಹ ನಿಮ್ಮ ಕೈಗೆ ಬರುವುದಿಲ್ಲ. ಈ ಕೊರತೆಯನ್ನು ತುಂಬಬಲ್ಲ ಸಾಧನವೇ ಟೈಮರ್. ಸರಿಯಾದ ಟೈಮರನ್ನು ಆರಿಸುವುದು, ಸ್ಟಾರ್ಟರಿಗೆ ಜೋಡಿಸುವುದು ಮತ್ತು ಅದರಲ್ಲಿ ಎಷ್ಟು ನಿಮಿಷ ಇಡಬೇಕೆಂದು ಲೆಕ್ಕ ಹಾಕುವುದು ಹೇಗೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಯಾವ ಟೈಮರ್ ಬೇಕು?

ಪೇಟೆಯ ವಿದ್ಯುತ್ ಸಾಮಗ್ರಿ ಅಂಗಡಿಯಲ್ಲಿ ‘ಪಂಪಿಗೆ ಟೈಮರ್ ಕೊಡಿ’ ಎಂದರೆ ಕೆಲವೊಮ್ಮೆ ಗುಂಡನೆಯ ಮುಖಬಿಲ್ಲೆಯಿರುವ, 24 ಗಂಟೆಯ ಗುರುತುಗಳುಳ್ಳ ಟೈಮರನ್ನು ಕೊಡುತ್ತಾರೆ. ಮನೆಯ ಈಜುಕೊಳದ ಪಂಪು, ನಾಮಫಲಕದ ದೀಪ ಮುಂತಾದವುಗಳಿಗೆ ಬಳಸುವಂಥದು ಇದು. ಹಗಲಿರುಳೂ ವಿದ್ಯುತ್ ಇರುವಲ್ಲಿ ಇದು ಬಹಳ ಒಳ್ಳೆಯ ಸಾಧನ. ಆದರೆ ಬ್ಯಾಟರಿಯ ಆಸರೆಯಿಲ್ಲದ ಇಂಥ ಟೈಮರಿನ ಬಿಲ್ಲೆ ವಿದ್ಯುತ್ ಇರುವಾಗ ಮಾತ್ರ ತಿರುಗುತ್ತದೆ. ಏಳು ಗಂಟೆ ವಿದ್ಯುತ್ ಬರುವ ಮಾರ್ಗದಲ್ಲಿ ಅದರ ಗಡಿಯಾರ ದಿನಕ್ಕೆ ಏಳು ಗಂಟೆ ಮಾತ್ರ ಮುಂದೆ ಹೋಗುತ್ತದೆ. ಮೂರನೆಯ ದಿನಕ್ಕೆ ಅದರ ಬೆಳಗೂ ನಿಮ್ಮ ಬೆಳಗೂ ಬೇರೆಬೇರೆಯಾಗಿರುತ್ತವೆ. ಬ್ಯಾಟರಿಯುಳ್ಳ ಡಿಜಿಟಲ್ ಗಡಿಯಾರ ಟೈಮರಿಗೆ ಈ ದೋಷವಿಲ್ಲ. ಆದರೂ ಪಾಳಿ ಬದಲಾದಾಗಲೆಲ್ಲ ಅದರ ಸಮಯವನ್ನು ಮತ್ತೆ ಹೊಂದಿಸಬೇಕು. ನಿಮ್ಮ ಮಾರ್ಗಕ್ಕೆ ನಿಗದಿತ ಹಗಲು ಸಮಯದಲ್ಲೇ ವಿದ್ಯುತ್ ಬರುವುದಾದರೆ ಮಾತ್ರ ಅದನ್ನು ಕೊಳ್ಳುವುದರಲ್ಲಿ ಅರ್ಥವಿದೆ.

ನಮಗೆ ಬೇಕಾದದ್ದು ‘ಎಷ್ಟು ಗಂಟೆಗೆ’ ಎಂಬುದನ್ನು ನೋಡುವ ಟೈಮರಲ್ಲ. ‘ಎಷ್ಟು ಹೊತ್ತು’ ಎಂಬುದನ್ನು ಎಣಿಸುವ ಟೈಮರ್. ಇದನ್ನು ಸೈಕ್ಲಿಕ್ ಟೈಮರ್ ಎನ್ನುತ್ತಾರೆ. ಇದರಲ್ಲಿ ಎರಡು ಅವಧಿಗಳನ್ನು ಇಡಲಾಗುತ್ತದೆ: ಮೋಟಾರು ಓಡಬೇಕಾದ ಅವಧಿ ಮತ್ತು ವಿಶ್ರಾಂತಿಯ ಅವಧಿ. ವಿದ್ಯುತ್ ಬಂದಾಗ ಎಣಿಕೆ ಆರಂಭವಾಗಿ, ಓಟ, ವಿಶ್ರಾಂತಿ, ಓಟ ಎಂದು ಸರದಿ ಮುಂದುವರಿಯುತ್ತದೆ.

ಕೊಳ್ಳುವ ಮುನ್ನ ಕೇಳಲೇಬೇಕಾದ ಪ್ರಶ್ನೆಯೊಂದಿದೆ: ವಿದ್ಯುತ್ ಹೋಗಿ ಬಂದಾಗ ಎಣಿಕೆ ಮೊದಲಿನಿಂದ ಆರಂಭವಾಗುತ್ತದೆಯೋ ಅಥವಾ ನಿಂತಲ್ಲಿಂದ ಮುಂದುವರಿಯುತ್ತದೆಯೋ? ನೆನಪಿನ ಶಕ್ತಿಯಿಲ್ಲದ ಟೈಮರ್ ಪ್ರತಿ ಬಾರಿಯೂ ಹೊಸದಾಗಿ ಎಣಿಸುತ್ತದೆ. ದಿನಕ್ಕೆ ಐದಾರು ಬಾರಿ ಲೈನು ಟ್ರಿಪ್ ಆಗುವ ಊರಿನಲ್ಲಿ ಅಂತಹ ಟೈಮರ್ ಇದ್ದೂ ಇಲ್ಲದಂತೆ. ಒಟ್ಟು ಓಟದ ಮಿತಿಯನ್ನು ಅಥವಾ ಸುತ್ತುಗಳ ಸಂಖ್ಯೆಯನ್ನು ನಿಗದಿಪಡಿಸುವ ಸೌಲಭ್ಯವೂ ಇದ್ದರೆ ಇನ್ನೂ ಉತ್ತಮ. ಮೊಬೈಲ್ ಸ್ಟಾರ್ಟರುಗಳ ಕೆಲವು ಮಾದರಿಗಳಲ್ಲಿ ಇವೆಲ್ಲವೂ ಒಳಗೊಂಡಿರುತ್ತವೆ. ನಿಮ್ಮಲ್ಲಿ ಅಂತಹದೇ ಇದ್ದರೆ ಹೊಸ ಟೈಮರ್ ಕೊಳ್ಳುವ ಮೊದಲು ಅದರ ಕೈಪಿಡಿಯನ್ನೊಮ್ಮೆ ಓದಿ. ಬಳಸದೆ ಬಿಟ್ಟ ಸೌಲಭ್ಯ ಅದರಲ್ಲೇ ಇರಬಹುದು.

ಮೊದಲು ಬಾವಿಯನ್ನು ಅರಿಯಿರಿ

ಟೈಮರಿನಲ್ಲಿ ಇಡುವ ಅಂಕಿ ಎರಡು ಕಡೆಯಿಂದ ಬರಬೇಕು: ಒಂದು ಬಾವಿಯಿಂದ, ಇನ್ನೊಂದು ಬೆಳೆಯಿಂದ. ಪಕ್ಕದ ತೋಟದವರು ಇಟ್ಟಿರುವ ಅಂಕಿಯನ್ನು ನೋಡಿ ಇಡುವಂತಿಲ್ಲ. ನಮ್ಮ ಬಯಲುಸೀಮೆಯ ಗಟ್ಟಿಶಿಲೆಯಲ್ಲಿ ನೀರು ಬಂಡೆಯ ಬಿರುಕುಗಳಲ್ಲಿ ಮಾತ್ರ ಸಂಗ್ರಹವಾಗಿರುತ್ತದೆ. ನೂರು ಅಡಿ ಅಂತರದ ಎರಡು ಬಾವಿಗಳ ಗುಣ ಒಂದೇ ಆಗಿರಬೇಕೆಂದಿಲ್ಲ. ಪಂಪು ಎತ್ತುವ ವೇಗಕ್ಕಿಂತ ಬಿರುಕುಗಳಿಂದ ನೀರು ಒಸರುವ ವೇಗ ಕಡಿಮೆಯಾದಾಗ ಬಾವಿಯ ಮಟ್ಟ ಇಳಿಯುತ್ತಾ ಹೋಗಿ ಕೊನೆಗೆ ಪಂಪು ಗಾಳಿಯನ್ನು ಎಳೆಯುತ್ತದೆ.

ಇದನ್ನು ತಿಳಿಯಲು ದುಬಾರಿ ಉಪಕರಣ ಬೇಕಿಲ್ಲ. ಹಿಂದಿನ ಪಾಳಿಯಲ್ಲಿ ಮೋಟಾರನ್ನು ಓಡಿಸದೆ ಬಾವಿಗೆ ಪೂರ್ಣ ವಿಶ್ರಾಂತಿ ಕೊಡಿ. ನಂತರ ಹನಿ ನೀರಾವರಿ ಘಟಕ ಎಂದಿನಂತೆ ಕೆಲಸ ಮಾಡುವ ಸ್ಥಿತಿಯಲ್ಲಿ ಪಂಪನ್ನು ಚಾಲನೆಗೊಳಿಸಿ, ಫಿಲ್ಟರಿನ ಬಳಿಯ ಒತ್ತಡಮಾಪಕದ ಮುಳ್ಳನ್ನು ಗಮನಿಸುತ್ತಿರಿ. ಆರಂಭದಲ್ಲಿ ಸ್ಥಿರವಾಗಿದ್ದ ಮುಳ್ಳು ಒಂದು ಹಂತದಲ್ಲಿ ಇಳಿಯತೊಡಗುತ್ತದೆ ಅಥವಾ ನಡುಗುತ್ತದೆ, ಪೈಪಿನಲ್ಲಿ ಗಾಳಿಯ ಸದ್ದು ಕೇಳುತ್ತದೆ. ಕೂಡಲೇ ಮೋಟಾರನ್ನು ನಿಲ್ಲಿಸಿ, ಎಷ್ಟು ನಿಮಿಷ ಓಡಿತೆಂದು ಬರೆದಿಡಿ. ಒಂದು ಗಂಟೆ ಬಿಟ್ಟು ಮತ್ತೆ ಓಡಿಸಿ. ಎರಡನೆಯ ಬಾರಿಯೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಓಡಿದರೆ ಒಂದು ಗಂಟೆಯ ವಿಶ್ರಾಂತಿ ಬಾವಿಗೆ ಸಾಕೆಂದು ಅರ್ಥ. ಗಣನೀಯವಾಗಿ ಕಡಿಮೆ ಓಡಿದರೆ ವಿಶ್ರಾಂತಿಯನ್ನು ಹೆಚ್ಚಿಸಿ ಮತ್ತೊಮ್ಮೆ ಪರೀಕ್ಷಿಸಿ. ಪರೀಕ್ಷೆಯ ಹೊತ್ತಿನಲ್ಲಿ ಪಂಪನ್ನು ಬಿಟ್ಟು ಕದಲಬಾರದು. ಒತ್ತಡಮಾಪಕ ಇಲ್ಲದವರು ನೀರನ್ನು ತೊಟ್ಟಿಗೆ ಬಿಟ್ಟು ಧಾರೆ ಕಡಿದುಕೊಳ್ಳುವ ಹೊತ್ತನ್ನು ಗುರುತಿಸಬಹುದು. ಆದರೆ ತೆರೆದ ಬಾಯಿಂದ ನೀರು ಹೆಚ್ಚು ವೇಗವಾಗಿ ಬರುವುದರಿಂದ ಹನಿ ಘಟಕದಲ್ಲಿ ಆಗುವುದಕ್ಕಿಂತ ಬೇಗನೆ ಬಾವಿ ಬರಿದಾಗುತ್ತದೆ ಎಂಬುದು ನೆನಪಿರಲಿ.

ಹೀಗೆ ದೊರೆತ ಅವಧಿಯ ಮುಕ್ಕಾಲು ಪಾಲಿಗಿಂತ ಹೆಚ್ಚು ಹೊತ್ತು ಒಂದೇ ಸಮನೆ ಓಡಿಸಬಾರದು. 90 ನಿಮಿಷಕ್ಕೆ ಗಾಳಿ ಎಳೆಯುವ ಬಾವಿಗೆ 65ರಿಂದ 70 ನಿಮಿಷ ಗರಿಷ್ಠ ಮಿತಿ. ಪರೀಕ್ಷೆಯನ್ನು ಏಪ್ರಿಲ್ ಅಥವಾ ಮೇ ತಿಂಗಳಿನಲ್ಲಿ ಮಾಡುವುದು ಒಳ್ಳೆಯದು. ನವೆಂಬರಿನಲ್ಲಿ ತುಂಬಿದ ಬಾವಿಯ ಮಾತನ್ನು ನಂಬಿ ಬೇಸಿಗೆಗೆ ಸಮಯ ನಿಗದಿಪಡಿಸಿದರೆ ಮೋಟಾರನ್ನು ಮೇಲೆತ್ತುವ ಖರ್ಚು ಕಾದಿರುತ್ತದೆ.

ಬೆಳೆಯ ಲೆಕ್ಕ: ಒಂದು ಅಡಿಕೆ ತೋಟದ ಉದಾಹರಣೆ

ಎರಡು ಎಕರೆ ಅಡಿಕೆ ತೋಟವನ್ನು ತೆಗೆದುಕೊಳ್ಳೋಣ. 2.7 ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 550ರಂತೆ ಒಟ್ಟು 1,100 ಮರಗಳು. ಹನಿ ನೀರಾವರಿಯಲ್ಲಿ ಫಲ ಕೊಡುವ ಅಡಿಕೆ ಮರಕ್ಕೆ ಬೇಸಿಗೆಯಲ್ಲಿ ದಿನಕ್ಕೆ 16ರಿಂದ 20 ಲೀಟರ್ ನೀರು ಸಾಕಾಗುತ್ತದೆ. ಮರಕ್ಕೆರಡರಂತೆ ಗಂಟೆಗೆ 4 ಲೀಟರ್ ಸುರಿಸುವ ಡ್ರಿಪ್ಪರುಗಳಿದ್ದರೆ, ಪ್ರತಿ ಮರಕ್ಕೆ ಗಂಟೆಗೆ 8 ಲೀಟರ್, ಇಡೀ ತೋಟಕ್ಕೆ 8,800 ಲೀಟರ್. ನಿಮ್ಮ ಪಂಪು ಗಂಟೆಗೆ ಸುಮಾರು 9,000 ಲೀಟರ್ ಕೊಡುವಂತಿದ್ದರೆ ಎರಡೂ ಎಕರೆಗೆ ಒಮ್ಮೆಗೇ ನೀರುಣಿಸಬಹುದು. 20 ಲೀಟರ್ ಕೊಡಲು ಬೇಕಾದದ್ದು ಎರಡೂವರೆ ಗಂಟೆ, ಅಂದರೆ 150 ನಿಮಿಷ.

ಈಗ ‘ಆಟೋ’ ಹಾಕಿ ಬಿಟ್ಟ ತೋಟದ ಲೆಕ್ಕ ನೋಡಿ. ಬಾವಿಯಲ್ಲಿ ನೀರಿದ್ದರೆ ಏಳು ಗಂಟೆಯಲ್ಲಿ ಪ್ರತಿ ಮರಕ್ಕೆ 56 ಲೀಟರ್. ಬೇಕಾದದ್ದರ ಸುಮಾರು ಮೂರು ಪಟ್ಟು! ಕೆಂಪು ಮಣ್ಣಿನಲ್ಲಿ ಈ ಹೆಚ್ಚುವರಿ ನೀರು ಸಾರಜನಕ ಮತ್ತು ಪೊಟ್ಯಾಷನ್ನು ಜೊತೆಯಲ್ಲೇ ಹೊತ್ತುಕೊಂಡು ಕೆಳಗಿಳಿಯುತ್ತದೆ. ಕಪ್ಪು ಮಣ್ಣಿನಲ್ಲಿ ಬುಡದಲ್ಲೇ ನಿಂತು ಬೇರಿಗೆ ಉಸಿರುಕಟ್ಟಿಸುತ್ತದೆ. ಗರಿ ಹಳದಿಯಾಯಿತೆಂದು ಇನ್ನಷ್ಟು ಗೊಬ್ಬರ ಹಾಕುವ ಮುನ್ನ ನೀರಿನ ಅವಧಿಯನ್ನು ಪರಿಶೀಲಿಸಿರೆಂದು ನಾನು ತೋಟದ ಬೆಳೆಗಾರರಿಗೆ ಹೇಳುವುದು ಇದೇ ಕಾರಣಕ್ಕೆ.

ಬೆಳೆಗೆ 150 ನಿಮಿಷ ಬೇಕು. ಬಾವಿ ಒಂದೇ ಸಮನೆ 70 ನಿಮಿಷಕ್ಕಿಂತ ಹೆಚ್ಚು ಕೊಡಲಾರದು. ಆದುದರಿಂದ 50 ನಿಮಿಷದ ಮೂರು ಸುತ್ತುಗಳಾಗಿ ವಿಂಗಡಿಸಿ. ನಡುವೆ 60 ನಿಮಿಷ ವಿಶ್ರಾಂತಿ ಕೊಟ್ಟರೂ ನಾಲ್ಕೂವರೆ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಸುತ್ತುಗಳ ಸಂಖ್ಯೆಯನ್ನು ಮಿತಿಗೊಳಿಸುವ ಟೈಮರಾದರೆ ಇಷ್ಟೇ ಸಾಕು. ಆ ಸೌಲಭ್ಯವಿಲ್ಲದ ಸಾಧಾರಣ ಸೈಕ್ಲಿಕ್ ಟೈಮರಾದರೆ ಏಳು ಗಂಟೆಯಲ್ಲಿ ನಾಲ್ಕನೆಯ ಸುತ್ತೂ ಓಡಿಬಿಡುತ್ತದೆ. ಅದಕ್ಕೊಂದು ಸುಲಭ ಉಪಾಯವಿದೆ: ವಿಶ್ರಾಂತಿಯನ್ನು 130 ನಿಮಿಷಕ್ಕೆ ಹೆಚ್ಚಿಸಿ. ಆಗ ಮೋಟಾರು ಆರಂಭದಲ್ಲಿ, 180ನೆಯ ನಿಮಿಷದಲ್ಲಿ ಮತ್ತು 360ನೆಯ ನಿಮಿಷದಲ್ಲಿ ಚಾಲನೆಗೊಂಡು 410ನೆಯ ನಿಮಿಷಕ್ಕೆ ನಿಲ್ಲುತ್ತದೆ. 420 ನಿಮಿಷಕ್ಕೆ ವಿದ್ಯುತ್ತೇ ಹೋಗುತ್ತದೆ. ಏಳು ಗಂಟೆಯನ್ನು ಹಗಲು ನಾಲ್ಕು, ರಾತ್ರಿ ಮೂರು ಎಂದು ಹಂಚಿ ಕೊಡುವ ಮಾರ್ಗದಲ್ಲಿಯೂ ಇದೇ ಅಂಕಿ ಹೊಂದುತ್ತದೆ: ನಾಲ್ಕು ಗಂಟೆಯ ಪಾಳಿಯಲ್ಲಿ ಎರಡು ಸುತ್ತು, ಮೂರು ಗಂಟೆಯದರಲ್ಲಿ ಒಂದು ಸುತ್ತು. ಬಾವಿಗೂ ಹೆಚ್ಚು ಬಿಡುವು ಸಿಗುತ್ತದೆ.

ಕಾಗದದ ಲೆಕ್ಕವನ್ನು ಮಣ್ಣಿನಲ್ಲಿ ಒರೆಹಚ್ಚಬೇಕು. ಮೊದಲನೆಯದಾಗಿ, ತೋಟದ ತುದಿಯಲ್ಲಿರುವ ಡ್ರಿಪ್ಪರಿನ ಕೆಳಗೆ ಪಾತ್ರೆಯಿಟ್ಟು 15 ನಿಮಿಷದಲ್ಲಿ ಒಂದು ಲೀಟರ್ ತುಂಬುತ್ತದೆಯೇ ನೋಡಿ. ಅರ್ಧ ಲೀಟರ್ ಮಾತ್ರ ಬಂದರೆ ಲ್ಯಾಟರಲ್ ಕಟ್ಟಿಕೊಂಡಿದೆ ಅಥವಾ ಒತ್ತಡ ಸಾಲದು. ಅದನ್ನು ಸರಿಪಡಿಸದೆ ನಿಮಿಷಗಳನ್ನು ಹೆಚ್ಚಿಸಿದರೆ ಮುಂದಿನ ಮರಗಳು ಮುಳುಗುತ್ತವೆ, ಹಿಂದಿನವು ಒಣಗುತ್ತವೆ. ಎರಡನೆಯದಾಗಿ, ನೀರು ಕೊಟ್ಟ ಮರುದಿನ ಬುಡದಿಂದ ಒಂದೂವರೆ ಅಡಿ ದೂರದಲ್ಲಿ, ಒಂದು ಅಡಿ ಆಳದ ಮಣ್ಣನ್ನು ತೆಗೆದು ಹಿಡಿಯಲ್ಲಿ ಅದುಮಿ. ಉಂಡೆಯಾಗಿ ನಿಂತು, ಬೆರಳಿಗೆ ತೇವ ಹತ್ತಿದರೂ ನೀರು ಜಿನುಗದಿದ್ದರೆ ಅವಧಿ ಸರಿಯಿದೆ. ಉಂಡೆ ಕಟ್ಟದೆ ಉದುರಿದರೆ ಸುತ್ತಿಗೆ ಐದು ನಿಮಿಷ ಹೆಚ್ಚಿಸಿ, ಕೈ ಕೆಸರಾದರೆ ಅಷ್ಟೇ ಇಳಿಸಿ. ಚಳಿಗಾಲದಲ್ಲಿ 16 ಲೀಟರ್ ಸಾಕೆನಿಸಿದರೆ 40 ನಿಮಿಷದ ಮೂರು ಸುತ್ತು. ಬೇರೆ ಬೆಳೆಗಳಿಗೂ ಕ್ರಮ ಇದೇ. ದಿನದ ಅಗತ್ಯವನ್ನು ಗಿಡವೊಂದಕ್ಕೆ ಗಂಟೆಗೆ ಬೀಳುವ ಲೀಟರಿನಿಂದ ಭಾಗಿಸಿದರೆ ಗಂಟೆಗಳು ದೊರೆಯುತ್ತವೆ.

ಜೋಡಣೆ

ಇಲ್ಲಿಂದ ಮುಂದಿನದು ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ ಮಾಡಬೇಕಾದ ಕೆಲಸ. ಆದರೆ ಏನು ಮಾಡಲಾಗುತ್ತಿದೆಯೆಂಬುದು ಮಾಲೀಕರಿಗೆ ತಿಳಿದಿರಲೇಬೇಕು. ನಾಳೆ ಪೆಟ್ಟಿಗೆಯ ಮುಂದೆ ನಿಲ್ಲುವವರು ನೀವು.

ಟೈಮರಿನ ಮೂಲಕ ಮೋಟಾರಿನ ವಿದ್ಯುತ್ತನ್ನು ಹಾಯಿಸಕೂಡದು. 5 ಅಶ್ವಶಕ್ತಿಯ ಮೂರು ಫೇಸ್ ಮೋಟಾರು ಓಡುವಾಗ 8 ಆಂಪಿಯರ್‌ನಷ್ಟು ಅಥವಾ ಅದಕ್ಕೂ ಹೆಚ್ಚು ಎಳೆಯುತ್ತದೆ, ನೇರವಾಗಿ ಚಾಲನೆಗೊಳ್ಳುವ ಕ್ಷಣದಲ್ಲಿ ಅದರ ಆರು ಪಟ್ಟು. ಟೈಮರಿನೊಳಗಿನ ಪುಟ್ಟ ರಿಲೇ ಇದನ್ನು ತಾಳಲಾರದು. ಟೈಮರಿನ ಕೆಲಸ ಸ್ಟಾರ್ಟರಿನಲ್ಲಿರುವ ಕಾಂಟ್ಯಾಕ್ಟರಿನ ಕಾಯಿಲಿಗೆ ಆಜ್ಞೆ ಕೊಡುವುದು ಮಾತ್ರ. ಮೋಟಾರಿನ ಹೊರೆಯನ್ನು ಹೊರುವುದು ಕಾಂಟ್ಯಾಕ್ಟರೇ.

ಸಾಮಾನ್ಯ ಗುಂಡಿ ಸ್ಟಾರ್ಟರಿನಲ್ಲಿ ಕಾಯಿಲಿನ ದಾರಿ ಹೀಗಿರುತ್ತದೆ: ಒಂದು ಫೇಸಿನಿಂದ ಹೊರಟ ತಂತಿ ಕೆಂಪು ಗುಂಡಿಯನ್ನು, ಆಮೇಲೆ ಹಸಿರು ಗುಂಡಿಯನ್ನು, ಓವರ್‌ಲೋಡ್ ರಿಲೇಯ ಸಂಪರ್ಕವನ್ನು ಹಾದು ಕಾಯಿಲಿಗೆ ಬಂದು, ಅಲ್ಲಿಂದ ಇನ್ನೊಂದು ಫೇಸಿಗೆ ಸೇರುತ್ತದೆ. ಹಸಿರು ಗುಂಡಿಯನ್ನು ಒತ್ತಿ ಬಿಟ್ಟ ಮೇಲೂ ಕಾಯಿಲನ್ನು ಹಿಡಿದಿಡುವ ಒಂದು ಸಂಪರ್ಕ ಕಾಂಟ್ಯಾಕ್ಟರಿನಲ್ಲೇ ಇರುತ್ತದೆ. ಟೈಮರಿನ ಸಂಪರ್ಕವನ್ನು ಈ ದಾರಿಯ ನಡುವೆ ಸರಣಿಯಲ್ಲಿ ಸೇರಿಸಿದರೆ ಅದು ಮೋಟಾರನ್ನು ನಿಲ್ಲಿಸಬಲ್ಲದು, ಆದರೆ ಮರಳಿ ಚಾಲನೆಗೊಳಿಸಲಾರದು. ದಿನವೂ ತೋಟಕ್ಕೆ ಹೋಗುವವರಿಗೆ, ಒಮ್ಮೆಗೇ ನೀರು ಹಾಯಿಸಿ ಮುಗಿಸುವವರಿಗೆ ಇಷ್ಟೇ ಸಾಕು. ಅತ್ಯಂತ ಸುರಕ್ಷಿತವಾದ ಜೋಡಣೆಯೂ ಇದೇ. ಸುತ್ತುಗಳಲ್ಲಿ ತಾನಾಗಿ ಓಡಬೇಕಾದರೆ ಟೈಮರಿನ ಸಂಪರ್ಕವು ಹಸಿರು ಗುಂಡಿ ಮತ್ತು ಕಾಯಿಲನ್ನು ಹಿಡಿದಿಡುವ ಸಂಪರ್ಕ ಎರಡರ ಜಾಗವನ್ನೂ ತೆಗೆದುಕೊಳ್ಳಬೇಕು. ಆಗ ‘ಆಟೋ’, ‘ಕೈ’, ‘ಬಂದ್’ ಎಂಬ ಮೂರು ಸ್ಥಾನಗಳ ಆಯ್ಕೆ ಸ್ವಿಚ್ಚನ್ನು ಹಾಕಿಸಿಕೊಳ್ಳಿ. ಯಾವ ಜೋಡಣೆಯಲ್ಲಿಯೂ ಕೆಂಪು ಗುಂಡಿ, ಓವರ್‌ಲೋಡ್ ರಿಲೇ ಮತ್ತು ಸಿಂಗಲ್ ಫೇಸಿಂಗ್ ಪ್ರಿವೆಂಟರ್‌ಗಳನ್ನು ದಾಟಿಹೋಗುವ ಅಡ್ಡದಾರಿ ಇರಕೂಡದು.

ಹಳ್ಳಿಗಳಲ್ಲಿ ಕೆಲಸ ಕೆಡುವುದು ಬಹುತೇಕ ಒಂದೇ ಕಡೆ: ನ್ಯೂಟ್ರಲ್ ತಂತಿಯಲ್ಲಿ. ಅನೇಕ ಟೈಮರುಗಳಿಗೆ 230 ವೋಲ್ಟ್ ಬೇಕು, ಅದಕ್ಕೆ ನ್ಯೂಟ್ರಲ್ ಬೇಕು. ಆದರೆ ಅದೆಷ್ಟೋ ಕೊಳವೆ ಬಾವಿಗಳಿಗೆ ಕಂಬದಿಂದ ಬರುವುದು ಮೂರು ಫೇಸ್ ತಂತಿಗಳು ಮಾತ್ರ. ಆಗ ಕೆಲವರು ಅರ್ಥಿಂಗ್ ತಂತಿಯನ್ನೇ ನ್ಯೂಟ್ರಲ್ ಎಂದು ಬಳಸುತ್ತಾರೆ. ಇದು ಪ್ರಾಣಾಪಾಯದ ಕೆಲಸ. ಅರ್ಥಿಂಗ್ ಕಡ್ಡಿ ಒಣಗಿದ ಅಥವಾ ತುಂಡಾದ ದಿನ ಸ್ಟಾರ್ಟರ್ ಪೆಟ್ಟಿಗೆ, ಕೇಸಿಂಗ್ ಪೈಪು ಎಲ್ಲವೂ ವಿದ್ಯುತ್ ಹೊತ್ತು ನಿಲ್ಲುತ್ತವೆ. ಸರಿಯಾದ ದಾರಿಗಳು ಎರಡು: ಎರಡು ಫೇಸುಗಳ ನಡುವಿನ 415 ವೋಲ್ಟಿನಲ್ಲೇ ಕೆಲಸ ಮಾಡುವ ಟೈಮರನ್ನು ಕೊಳ್ಳುವುದು, ಅಥವಾ 415ರಿಂದ 230 ವೋಲ್ಟಿಗೆ ಇಳಿಸುವ ಸಣ್ಣ ಕಂಟ್ರೋಲ್ ಟ್ರಾನ್ಸ್‌ಫಾರ್ಮರನ್ನು ಪೆಟ್ಟಿಗೆಯಲ್ಲಿ ಅಳವಡಿಸುವುದು. ನನ್ನ ಮೆಚ್ಚುಗೆ ಎರಡನೆಯದಕ್ಕೆ. ಟೈಮರಿನ ರಿಲೇ ಸಂಪರ್ಕಗಳು ಹಲವು ಮಾದರಿಗಳಲ್ಲಿ 250 ವೋಲ್ಟಿನವರೆಗೆ ಮಾತ್ರ ಯೋಗ್ಯವಾಗಿದ್ದು, 415 ವೋಲ್ಟಿನ ಕಾಯಿಲನ್ನು ಅವುಗಳಿಂದ ನಿಯಂತ್ರಿಸಿದರೆ ಕಿಡಿ ಹಾರಿ ಬೇಗನೆ ಅಂಟಿಕೊಳ್ಳುತ್ತವೆ. ಸಂಪರ್ಕ ಅಂಟಿಕೊಂಡ ಟೈಮರ್ ಮೋಟಾರನ್ನು ನಿಲ್ಲಿಸುವುದೇ ಇಲ್ಲ. ಕಂಟ್ರೋಲ್ ಟ್ರಾನ್ಸ್‌ಫಾರ್ಮರ್ ಹಾಕಿ, ಕಾಂಟ್ಯಾಕ್ಟರಿನ ಕಾಯಿಲನ್ನೂ 230 ವೋಲ್ಟಿನದಕ್ಕೆ ಬದಲಿಸಿದರೆ ಎರಡೂ ತೊಂದರೆ ತೀರುತ್ತವೆ. ಈ ದಾರಿಗೆ ಪ್ರತ್ಯೇಕವಾದ ಸಣ್ಣ ಫ್ಯೂಸ್ ಇರಲಿ.

ಇನ್ನೊಂದು ಸೂಕ್ಷ್ಮ ಸಂಗತಿ ಓವರ್‌ಲೋಡ್ ರಿಲೇಯದು. ಕೆಲವು ರಿಲೇಗಳು ಟ್ರಿಪ್ ಆದ ಮೇಲೆ ತಣಿದು ತಾವಾಗಿಯೇ ಮೊದಲಿನ ಸ್ಥಿತಿಗೆ ಮರಳುವಂತೆ ಹೊಂದಿಸಲ್ಪಟ್ಟಿರುತ್ತವೆ. ಗುಂಡಿ ಸ್ಟಾರ್ಟರಿನಲ್ಲಿ ಇದರಿಂದ ಕೇಡಿಲ್ಲ. ಟೈಮರ್ ಇರುವಾಗ ಮಾತ್ರ ಮೋಟಾರು ಟ್ರಿಪ್ ಆಗಿ, ತಣಿದು, ಮತ್ತೆ ಓಡಿ, ಮತ್ತೆ ಟ್ರಿಪ್ ಆಗಿ ಬೆಳಗಾಗುವುದರೊಳಗೆ ಸುಟ್ಟಿರುತ್ತದೆ. ರಿಲೇಯನ್ನು ಕೈಯಿಂದಲೇ ಒತ್ತಿ ಮರುಹೊಂದಿಸಬೇಕಾದ ಸ್ಥಾನದಲ್ಲಿಡಿಸಿ.

5 ಅಶ್ವಶಕ್ತಿಗಿಂತ ದೊಡ್ಡ ಮೋಟಾರುಗಳಲ್ಲಿ ಸಾಮಾನ್ಯವಾಗಿ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಇರುತ್ತದೆ. ಅದರೊಳಗೆ ಮೊದಲೇ ಒಂದು ಟೈಮರ್ ಕಾಣಿಸುತ್ತದೆ. ಅದು ಸ್ಟಾರ್‌ನಿಂದ ಡೆಲ್ಟಾಗೆ ಬದಲಿಸಲು ಕೆಲವು ಸೆಕೆಂಡುಗಳನ್ನು ಎಣಿಸುವಂಥದು, ನಮ್ಮ ಕೆಲಸಕ್ಕೆ ಸಂಬಂಧಿಸಿದ್ದಲ್ಲ. ಹಿಡಿಕೆಯಿಂದ ಬದಲಿಸುವ ಹಳೆಯ ಸ್ಟಾರ್ಟರುಗಳಿಗೆ ಟೈಮರ್ ಹೊಂದುವುದಿಲ್ಲ. ಸೌರ ಪಂಪ್‌ಸೆಟ್ ಇರುವವರು ಫಲಕದಿಂದ ಬರುವ ತಂತಿಗೆ ಈ ಬಗೆಯ ಟೈಮರನ್ನು ಸೇರಿಸಲೇಬಾರದು. ನೇರ ವಿದ್ಯುತ್ತಿನ ಕಿಡಿ ಆರುವುದು ಕಷ್ಟ. ಅಲ್ಲಿ ಕಂಟ್ರೋಲರಿನಲ್ಲೇ ಇರುವ ಸೌಲಭ್ಯವನ್ನು ಬಳಸಬೇಕು.

ಟಿ.ಸಿ.ಯ ಕೆಳಗಿನ ಒಪ್ಪಂದ

ಒಂದೇ ಟಿ.ಸಿ.ಯ ಕೆಳಗೆ 5 ಅಶ್ವಶಕ್ತಿಯ ಹತ್ತು ಮೋಟಾರುಗಳಿವೆಯೆಂದುಕೊಳ್ಳಿ. ತಲಾ 8 ಆಂಪಿಯರ್ ಎಂದು ಹಿಡಿದರೂ ಓಡುವಾಗ ಒಟ್ಟು 80 ಆಂಪಿಯರ್. 100 ಕೆ.ವಿ.ಎ. ಟಿ.ಸಿ. ಸುಮಾರು 133 ಆಂಪಿಯರ್ ಕೊಡಬಲ್ಲದಾದುದರಿಂದ ಇದು ಭಾರವಲ್ಲ. ಆದರೆ ಹತ್ತೂ ‘ಆಟೋ’ಗಳು ವಿದ್ಯುತ್ ಬಂದ ಕ್ಷಣದಲ್ಲೇ ಮೋಟಾರುಗಳನ್ನು ಎಬ್ಬಿಸಿದರೆ ಬೇಡಿಕೆ 480 ಆಂಪಿಯರ್! ವೋಲ್ಟೇಜ್ ಕುಸಿಯುತ್ತದೆ, ಕುಸಿದ ವೋಲ್ಟೇಜಿನಲ್ಲಿ ಮೋಟಾರುಗಳು ಪೂರ್ಣ ವೇಗಕ್ಕೆ ಬರಲು ತಿಣುಕುತ್ತವೆ, ತಿಣುಕಿದಷ್ಟೂ ಹೆಚ್ಚು ವಿದ್ಯುತ್ ಎಳೆಯುತ್ತವೆ. ಫ್ಯೂಸ್ ಹೋಗುವುದು, ಟಿ.ಸಿ. ಸುಡುವುದು, ಹೊಸ ಟಿ.ಸಿ. ಬರುವವರೆಗೆ ಬೆಳೆ ಬಾಡುವುದು ನಿಮಗೆ ಹೊಸ ವಿಷಯವಲ್ಲ.

ಬಹುತೇಕ ಟೈಮರುಗಳಲ್ಲಿ ಆರಂಭದ ವಿಳಂಬವನ್ನು ನಿಗದಿಪಡಿಸುವ ಅವಕಾಶವಿರುತ್ತದೆ. ವಿದ್ಯುತ್ ಬಂದ ಒಂದು ನಿಮಿಷಕ್ಕೆ ಒಬ್ಬರದು, ಎರಡು ನಿಮಿಷಕ್ಕೆ ಮತ್ತೊಬ್ಬರದು ಎಂದು ಹತ್ತು ಜನ ಒಮ್ಮೆ ಕುಳಿತು ಒಪ್ಪಂದ ಮಾಡಿಕೊಂಡರೆ ಕಾಸಿನ ಖರ್ಚಿಲ್ಲದೆ ಟಿ.ಸಿ. ಉಳಿಯುತ್ತದೆ. ಮಾರ್ಗದ ತುದಿಯಲ್ಲಿದ್ದು ವೋಲ್ಟೇಜ್ ಕಡಿಮೆ ಸಿಗುವವರಿಗೆ ಮೊದಲ ಸರದಿ ಕೊಡಿ. ಕಡೆಯ ಸರದಿಯವರು ತಮ್ಮ ವಿಳಂಬವನ್ನು ಪಾಳಿಯ ಲೆಕ್ಕಕ್ಕೆ ಸೇರಿಸಿಕೊಂಡು, ವಿಶ್ರಾಂತಿಯಲ್ಲಿ ಐದಾರು ನಿಮಿಷ ಇಳಿಸಿಕೊಳ್ಳಬೇಕಾಗಬಹುದು. ವಿಸ್ತರಣಾ ಕಾರ್ಯಕರ್ತರಲ್ಲಿ ನನ್ನ ವಿನಂತಿ ಇದು: ಟೈಮರಿನ ಪ್ರಾತ್ಯಕ್ಷಿಕೆಯನ್ನು ಒಬ್ಬ ಪ್ರಗತಿಪರ ರೈತರ ತೋಟದಲ್ಲಿ ಮಾಡಿ ಮುಗಿಸುವ ಬದಲು ಒಂದು ಟಿ.ಸಿ.ಯ ಎಲ್ಲ ಬಳಕೆದಾರರನ್ನು ಸೇರಿಸಿ ಮಾಡಿ. ಲೈನ್‌ಮನ್ ಅವರನ್ನೂ ಕರೆಯಿರಿ.

ಟೈಮರ್ ಒಂದೇ ಸಾಲದು

ಟೈಮರ್ ನಿಮಿಷಗಳನ್ನು ಎಣಿಸುತ್ತದೆಯೇ ಹೊರತು ನೀರನ್ನು ನೋಡುವುದಿಲ್ಲ. ಮುಳುಗು ಪಂಪಿನ ಮೋಟಾರು ತಂಪಾಗುವುದು ಅದರ ಮೈಮೇಲೆ ಹರಿಯುವ ನೀರಿನಿಂದಲೇ. ಬಾವಿಯ ಮಟ್ಟ ಅನಿರೀಕ್ಷಿತವಾಗಿ ಇಳಿದ ದಿನ ಮೋಟಾರನ್ನು ಉಳಿಸುವುದು ಡ್ರೈ ರನ್ ಪ್ರಿವೆಂಟರ್. ಇದು ನೀರಿಲ್ಲದಾಗ ಮೋಟಾರಿನ ಆಂಪಿಯರ್ ಇಳಿಯುವುದನ್ನು ಗುರುತಿಸಿ ಅಥವಾ ಬಾವಿಯೊಳಗೆ ಇಳಿಬಿಟ್ಟ ಸಂವೇದಕದ ಮೂಲಕ ಕೆಲಸ ಮಾಡುತ್ತದೆ. ಹಾಗೆಯೇ ಎರಡೇ ಫೇಸ್ ಬಂದಾಗ ತಡೆಯಲು ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಅಗತ್ಯ. ಕಂಡೆನ್ಸರ್ ಹಾಕಿ ಎರಡು ಫೇಸಿನಲ್ಲಿ ಮೋಟಾರು ಓಡಿಸುವ ರೂಢಿ ಇರುವಲ್ಲಿ ಸ್ವಯಂಚಾಲಿತ ಟೈಮರನ್ನು ನಾನು ಶಿಫಾರಸು ಮಾಡುವುದಿಲ್ಲ. ಹಣ ಒಂದಕ್ಕೆ ಮಾತ್ರ ಇದ್ದರೆ ಮೊದಲು ರಕ್ಷಣಾ ರಿಲೇಗಳನ್ನು ಕೊಳ್ಳಿ, ಟೈಮರ್ ಮುಂದಿನ ವರ್ಷವಾಗಲಿ.

ವಿಶ್ರಾಂತಿಯ ಅವಧಿ ಎಷ್ಟೇ ಇರಲಿ, 15 ನಿಮಿಷಕ್ಕಿಂತ ಕಡಿಮೆ ಬೇಡ. ನಿಂತ ತಕ್ಷಣ ಪೈಪಿನಲ್ಲಿರುವ ನೀರು ಕೆಳಗಿಳಿಯುತ್ತಾ, ನಾನ್-ರಿಟರ್ನ್ ವಾಲ್ವ್ ಸವೆದಿದ್ದರೆ ಪಂಪನ್ನು ಹಿಮ್ಮುಖವಾಗಿ ತಿರುಗಿಸುತ್ತದೆ. ಅದೇ ವೇಳೆ ಮೋಟಾರು ಚಾಲನೆಗೊಂಡರೆ ಶಾಫ್ಟ್ ಮುರಿಯಬಹುದು.

ತೋಟವನ್ನು ಭಾಗಗಳಾಗಿ ಮಾಡಿ ಗೇಟ್‌ವಾಲ್ವನ್ನು ಕೈಯಿಂದ ತಿರುಗಿಸುವವರಿಗೆ ಟೈಮರಿನ ಪ್ರಯೋಜನ ಸೀಮಿತ. ಎಲ್ಲ ಸುತ್ತುಗಳ ನೀರೂ ಒಂದೇ ಭಾಗಕ್ಕೆ ಹೋಗುತ್ತದೆ. ಅಂಥವರು ಸುತ್ತುಗಳಲ್ಲಿ ನೀರನ್ನು ಕೃಷಿ ಹೊಂಡಕ್ಕೆ ತುಂಬಿಸಿಕೊಂಡು, ಹಗಲಿನಲ್ಲಿ ಬೇರೆ ಪಂಪಿನಿಂದ ತೋಟಕ್ಕೆ ಹಾಯಿಸುವುದು ಲೇಸು. ಎಲ್ಲ ವಾಲ್ವುಗಳೂ ಮುಚ್ಚಿದ್ದಾಗ ಟೈಮರ್ ಪಂಪನ್ನು ಚಾಲನೆಗೊಳಿಸಿದರೆ ಪೈಪು ಸಿಡಿಯುವ ಅಪಾಯವಿರುವುದರಿಂದ ಬೈಪಾಸ್ ವಾಲ್ವ್ ಸ್ವಲ್ಪ ತೆರೆದಿರಲಿ. ರಸಾವರಿಯ ದಿನ ಸ್ವಿಚ್ಚನ್ನು ‘ಕೈ’ ಸ್ಥಾನಕ್ಕೆ ತನ್ನಿ. ಗೊಬ್ಬರದ ದ್ರಾವಣ ಹರಿಯುತ್ತಿರುವಾಗ ಟೈಮರ್ ನಿಲ್ಲಿಸಿದರೆ ಅದು ಲ್ಯಾಟರಲ್‌ಗಳಲ್ಲೇ ಉಳಿದು ಡ್ರಿಪ್ಪರುಗಳನ್ನು ಕಟ್ಟಿಹಾಕುತ್ತದೆ. ಗೊಬ್ಬರದ ನಂತರ 15ರಿಂದ 20 ನಿಮಿಷ ಬರಿಯ ನೀರು ಹರಿಯಲೇಬೇಕು.

ಮೊದಲ ದಿನ ಮತ್ತು ಆನಂತರ

ಜೋಡಣೆ ಮುಗಿದ ದಿನ ಓಟಕ್ಕೆ 2 ನಿಮಿಷ, ವಿಶ್ರಾಂತಿಗೆ 15 ನಿಮಿಷ ಇಟ್ಟು ಎರಡು ಸುತ್ತುಗಳನ್ನು ನಿಂತು ನೋಡಿ. ಓಟದ ನಡುವೆ ಕೆಂಪು ಗುಂಡಿ ಒತ್ತಿದರೆ ನಿಲ್ಲುತ್ತದೆಯೇ? ಮೇನ್ ಸ್ವಿಚ್ ತೆಗೆದು ಹಾಕಿದರೆ ಎಣಿಕೆ ನಿಂತಲ್ಲಿಂದ ಮುಂದುವರಿಯುತ್ತದೆಯೇ? ಮೇನ್ ಸ್ವಿಚ್ ಬಂದ್ ಮಾಡಿ ಒಂದು ಫ್ಯೂಸನ್ನು ಹೊರತೆಗೆದು, ಮತ್ತೆ ಸ್ವಿಚ್ ಹಾಕಿದಾಗ ಮೋಟಾರು ಚಾಲನೆಗೊಳ್ಳದೆ ಇರುತ್ತದೆಯೇ? ಕ್ಲಾಂಪ್ ಮೀಟರಿನಿಂದ ಮೂರೂ ಫೇಸುಗಳ ಆಂಪಿಯರನ್ನು ಅಳೆಯಿಸಿ, ಪೆಟ್ಟಿಗೆಯ ಬಾಗಿಲಿನ ಒಳಬದಿಯಲ್ಲಿ ದಿನಾಂಕದೊಂದಿಗೆ ಬರೆದಿಡಿ. ಮುಂದೆ ದೋಷ ಹುಡುಕುವಾಗ ಆ ಮೂರು ಅಂಕಿಗಳು ಬಹಳ ನೆರವಾಗುತ್ತವೆ.

ಟೈಮರ್ ಅಳವಡಿಸಿದ ಮೋಟಾರು ಯಾವ ಕ್ಷಣದಲ್ಲಾದರೂ ಓಡಬಹುದು, ನಿಂತಿದೆಯೆಂದರೆ ವಿದ್ಯುತ್ ಇಲ್ಲವೆಂದಲ್ಲ. ಇದನ್ನು ಮನೆಯವರಿಗೂ ಆಳುಗಳಿಗೂ ತಿಳಿಸಿ, ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿ. ಪಂಪು, ಕೇಬಲ್ ಅಥವಾ ಫಿಲ್ಟರನ್ನು ಮುಟ್ಟುವ ಮೊದಲು ಆಯ್ಕೆ ಸ್ವಿಚ್ಚನ್ನು ‘ಬಂದ್’ ಮಾಡಿ, ಮೇನ್ ಸ್ವಿಚ್ ಇಳಿಸಿ, ಮೂರೂ ಫ್ಯೂಸುಗಳನ್ನು ಕಿತ್ತು ಜೇಬಿನಲ್ಲಿಟ್ಟುಕೊಳ್ಳಿ. ಫ್ಯೂಸು ಪೆಟ್ಟಿಗೆಯ ಮೇಲೆಯೇ ಇದ್ದರೆ ಒಳ್ಳೆಯ ಮನಸ್ಸಿನ ಯಾರಾದರೂ ಬಂದು ಅದನ್ನು ಮರಳಿ ಹಾಕಿಬಿಡುತ್ತಾರೆ.

ನಿಗದಿಪಡಿಸಿದ ನಿಮಿಷಗಳನ್ನು ವರ್ಷಕ್ಕೆ ಕನಿಷ್ಠ ನಾಲ್ಕು ಬಾರಿ ಪರಿಶೀಲಿಸಿ: ಫೆಬ್ರವರಿಯಲ್ಲಿ ಬಿಸಿಲು ಏರತೊಡಗಿದಾಗ, ಏಪ್ರಿಲ್‌ನಲ್ಲಿ ಬಾವಿ ಸೊರಗಿದಾಗ, ಮುಂಗಾರು ಹಿಡಿದಾಗ, ಹಿಂಗಾರು ಮುಗಿದಾಗ. ಒಳ್ಳೆಯ ಮಳೆಯಾದ ದಿನ ‘ಬಂದ್’ ಮಾಡಲು ಮರೆಯಬೇಡಿ. ಮಳೆಯಲ್ಲಿಯೂ ಹನಿ ಹನಿಯಾಗಿ ನೀರು ಸುರಿಯುವ ತೋಟಗಳು ಇಂದಿಗೂ ಕಾಣಸಿಗುತ್ತವೆ. ಪೆಟ್ಟಿಗೆಯ ಕೇಬಲ್ ರಂಧ್ರಗಳನ್ನು ಎಂ-ಸೀಲ್‌ನಿಂದ ಮುಚ್ಚಿಸಿ. ಕಾಂಟ್ಯಾಕ್ಟರಿನ ನಡುವೆ ಸಿಕ್ಕ ಹಲ್ಲಿಯೊಂದು, ಅಥವಾ ಒಳಗೆ ಗೂಡು ಕಟ್ಟಿದ ಇರುವೆಗಳು, ಅತ್ಯುತ್ತಮ ಟೈಮರನ್ನೂ ಕೆಲಸಕ್ಕೆ ಬಾರದಂತೆ ಮಾಡಬಲ್ಲವು.